‘ಅವನು ಎಲ್ಲಿ ಸಿಕ್ಕಿದ?’

ನೆಲದ ಮೇಲೆ ಸಿಕ್ಕಿದ. ಕಣ್ಣು ಮುಚ್ಚಿ, ಕೈಕಾಲು ಚಾಚಿ ಮಲಗಿದ್ದ. ಅವನನ್ನು ಪಕ್ಕಕ್ಕೆ ಹೊರಳಿಸುವ ಕೆಲಸ ನನಗೆ ಬಂದಿತ್ತು.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ತಿಪಟೂರಿಗೆ ಹೋದಾಗ ಯಾರ ಮನೆಯ ಮದುವೆಯಲ್ಲಿ ಊಟಕ್ಕೆ ಕೂತರೂ ಪಕ್ಕದ ಎಲೆಯವರು ಕೇಳುತ್ತಾರೆ, "ಫಾರಿನ್ ಹುಡುಗ ನಿನಗೆ ಎಲ್ಲಿ ಸಿಕ್ಕಿದ?" ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡಿದವರು ಕೇಳುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆಯೂ ಕೇಳುತ್ತಾರೆ.

ಆ ‘ಸಿಕ್ಕಿದ’ ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಮನುಷ್ಯರು ಸಂತೆಯಲ್ಲಿ ಸಿಗುವುದಿಲ್ಲ. ‘ಫಾರಿನ್ ಹುಡುಗ’ ಅನ್ನುವುದು ಇನ್ನೂ ತಪ್ಪು. ನಾವಿರುವುದು ಸ್ವಿಟ್ಜರ್ಲೆಂಡಿನ ಬಾಡೆನ್ ಎಂಬ ಊರಲ್ಲಿ, ಅಲ್ಲಿ ಫಾರಿನ್ ಅಂದರೆ ನಾನು. ಅವನು ಅದೇ ಊರಲ್ಲಿ ಹುಟ್ಟಿದವನು. ಇನ್ನು ಕೆಲವರು ದನಿ ತಗ್ಗಿಸಿ, "ಪಾಸ್‌ಪೋರ್ಟ್ ಬೇಗ ಆಗುತ್ತೆ, ಅಲ್ವಾ?" ಅನ್ನುತ್ತಾರೆ. ಆಗುವುದಿಲ್ಲ. ಮದುವೆಯಾಗಿ ಮೂರು ವರ್ಷ, ಆ ದೇಶದಲ್ಲಿ ಒಟ್ಟು ಐದು ವರ್ಷ ಕಳೆದ ಮೇಲಷ್ಟೇ ಅರ್ಜಿ ಹಾಕಬಹುದು. ಅವನ ಅಪ್ಪ ಅಮ್ಮ ಇಟಲಿಯವರು. ಹಾಗಾಗಿ ಅಲ್ಲೇ ಹುಟ್ಟಿದರೂ ಅವನಿಗೆ ಹುಟ್ಟಿನಿಂದ ಪೌರತ್ವ ಬರಲಿಲ್ಲ. ಇಪ್ಪತ್ತು ದಾಟಿದ ಮೇಲೆ ಅವನೂ ಅರ್ಜಿ ಹಾಕಿಯೇ ಪಡೆದ. ಪಾಸ್‌ಪೋರ್ಟಿನ ವಿಷಯ ಇಷ್ಟು ಸಾಕು.

ಇದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುವವರೂ ಇದ್ದಾರೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು, ಹುಡುಗಿಯರು. "ಅಕ್ಕಾ, ಇಲ್ಲಿ ಜನರ ಪರಿಚಯ ಹೇಗೆ ಆಗುತ್ತೆ? ಆ್ಯಪ್ ತೆಗೆದ್ರೆ ಅದೇ ಹತ್ತು ಮುಖ ತಿರುಗಿ ತಿರುಗಿ ಬರ್ತವೆ. ಬೆಳಿಗ್ಗೆ ಬೇಡ ಅಂದವನು ಸಂಜೆ ಬಸ್ಸಲ್ಲಿ ಎದುರಿಗೇ ಕೂತಿರ್ತಾನೆ." ಇವರ ಭಾನುವಾರ ಹೇಗಿರುತ್ತದೆ ಅಂತ ನನಗೆ ಗೊತ್ತು. ಅಂಗಡಿ ಮುಚ್ಚಿರುತ್ತವೆ. ಮನೆಗೆ ಫೋನ್ ಮಾಡಿದ್ದಾಗಿರುತ್ತದೆ. ಅನ್ನ ಸಾರು ಮಾಡಿ ಒಬ್ಬರೇ ಉಂಡಿದ್ದೂ ಆಗಿರುತ್ತದೆ. ಇನ್ನೂ ಮಧ್ಯಾಹ್ನ ಎರಡು ಗಂಟೆ. ಇವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಬರೆಯುತ್ತಿರುವುದೇ ಇವರಿಗೆ.

ಬಾಡೆನ್ ಚಿಕ್ಕ ಊರು. ಝೂರಿಕ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. ಲಿಮ್ಮಾಟ್ ನದಿ, ಅದರ ಮೇಲೆ ಚಾವಣಿ ಇರುವ ಮರದ ಸೇತುವೆ, ರೋಮನ್ನರು ಮಿಂದ ಬಿಸಿನೀರಿನ ಬುಗ್ಗೆಗಳು. ನೀರು ನೆಲದಿಂದಲೇ 47 ಡಿಗ್ರಿ ಬಿಸಿಯಾಗಿ ಬರುತ್ತದೆ. 1891ರಲ್ಲಿ ಬ್ರೌನ್ ಮತ್ತು ಬೊವೇರಿ ಎಂಬ ಇಬ್ಬರು ಇಲ್ಲಿ ವಿದ್ಯುತ್ ಯಂತ್ರಗಳ ಕಂಪನಿ ಶುರು ಮಾಡಿದರು. 1988ರಲ್ಲಿ ಅದು ಸ್ವೀಡನ್ನಿನ ಕಂಪನಿಯೊಂದರ ಜೊತೆ ಸೇರಿ ಎಬಿಬಿ ಆಯಿತು. ಪೀಣ್ಯದಲ್ಲಿ ಆ ಬೋರ್ಡು ನೋಡಿದವರಿಗೆ ಹೇಳುತ್ತೇನೆ, ಆ ಹೆಸರಿನ ಎರಡು ‘ಬಿ’ಗಳು ಈ ಊರಿನವು. ಕಾರ್ಖಾನೆ ಇದ್ದ ಕಡೆ ಜನ ಬರುತ್ತಾರೆ. ಮೊದಲು ಇಟಲಿಯವರು ಬಂದರು. ಆಮೇಲೆ ಸ್ಪೇನ್, ಯುಗೊಸ್ಲಾವಿಯ, ಜಾಫ್ನಾ ಕಡೆಯ ತಮಿಳರು, ಕೊನೆಗೆ ನಮ್ಮಂಥ ಇಂಜಿನಿಯರುಗಳು.

ನಾನಿದ್ದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿತ್ತು. ಎಲ್ಲರಿಗೂ ಸೇರಿ ಒಂದೇ. ಯಾರ ಪಾಳಿ ಯಾವ ದಿನ ಅಂತ ಗೋಡೆಯ ಮೇಲೆ ಪಟ್ಟಿ. ಆ ಪಟ್ಟಿಯಲ್ಲಿ ಆರು ದೇಶದ ಹೆಸರುಗಳಿದ್ದವು. ಮೆಟ್ಟಿಲಲ್ಲಿ ಎದುರಾದರೆ ಎಲ್ಲರೂ "ಗ್ರೂಯೆಟ್ಸಿ" ಅನ್ನುತ್ತಿದ್ದರು. ಅದು ಅಲ್ಲಿನ ನಮಸ್ಕಾರ. ಒಂದು ವರ್ಷ ಪೂರ್ತಿ ನಮ್ಮ ಮಾತು ಅದನ್ನು ದಾಟಲಿಲ್ಲ. ತಿಪಟೂರಿನಲ್ಲಿ ಹೊಸ ಬಾಡಿಗೆಯವರು ಬಂದರೆ ಸಂಜೆಯೊಳಗೆ ಅವರು ಯಾವ ಊರವರು, ಯಾರ ಕಡೆಯವರು, ರಾತ್ರಿಗೆ ಏನು ಸಾರು ಅನ್ನುವುದೆಲ್ಲ ಬೀದಿಗೇ ಗೊತ್ತಿರುತ್ತದೆ. ಅಲ್ಲಿದ್ದಾಗ ಅದು ಹಿಂಸೆ ಅನಿಸುತ್ತಿತ್ತು. ಇಲ್ಲಿ ಯಾರೂ ಏನೂ ಕೇಳದೆ ಇರುವಾಗ ಅದಕ್ಕಾಗಿ ಅತ್ತಿದ್ದೇನೆ.

ಈಗ ನೆಲದ ಮೇಲಿನ ಕತೆ.

ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಎಲ್‌ಎಲ್ ಸಿಗಬೇಕಾದರೆ ಮೊದಲು 10 ಗಂಟೆಯ ಪ್ರಥಮ ಚಿಕಿತ್ಸೆ ಕಲಿಯಬೇಕು. ಊರೂರಿಗೆ ‘ಸಮರಿಟರ್’ ಎಂಬ ಸಂಘಗಳಿವೆ. ಸಂಬಳವಿಲ್ಲದೆ ಕೆಲಸ ಮಾಡುವ ಊರಿನ ಜನವೇ ಅದನ್ನು ಕಲಿಸುತ್ತಾರೆ. 2016ರ ಚಳಿ ಶುರುವಾಗುವ ಹೊತ್ತಿಗೆ ಒಂದು ಶುಕ್ರವಾರ ಸಂಜೆ ಹೋದೆ. ಉಳಿದವರೆಲ್ಲ ಹದಿನೇಳು ಹದಿನೆಂಟರ ಮಕ್ಕಳು, ನನಗೆ ಇಪ್ಪತ್ತೊಂಬತ್ತು. ಇಬ್ಬಿಬ್ಬರು ಜೋಡಿಯಾಗಿ ಅಂದರು. ನಾನೊಬ್ಬಳು ಉಳಿದೆ. ಆಗ ಸಂಘದವರ ಪೈಕಿ ಒಬ್ಬ ಬಂದು ನನ್ನ ಮುಂದೆ ಮಲಗಿದ.

ಉಸಿರಿದೆ, ಪ್ರಜ್ಞೆಯಿಲ್ಲ. ಅಂಥವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ನಾಲಿಗೆಯಾಗಲಿ ವಾಂತಿಯಾಗಲಿ ಉಸಿರು ಕಟ್ಟಿಸಬಾರದು. ಓದಿದರೆ ಸುಲಭ. ಪರಿಚಯವಿಲ್ಲದ ಗಂಡಸಿನ ತೊಡೆಗೆ ಕೈ ಹಾಕಿ ಎಳೆಯುವುದು ಸುಲಭವಲ್ಲ. ನಾನು ಅವನ ತೋಳು ಹಿಡಿದು ಜಗ್ಗಿದೆ. ಅವನು ಅಲುಗಲಿಲ್ಲ. ಮತ್ತೆ ಜಗ್ಗಿದೆ. ಪ್ರಜ್ಞೆಯಿಲ್ಲದವನು ಕಣ್ಣು ಮುಚ್ಚಿಕೊಂಡೇ ಏನೋ ಅಂದ. ಅಲ್ಲಿನ ಆಡುಮಾತು ಸ್ವಿಸ್ ಜರ್ಮನ್, ನನಗೆ ಅರ್ಥವಾಗಲಿಲ್ಲ. ಸ್ವಲ್ಪ ತಡೆದು ಶಾಲೆಯ ಜರ್ಮನ್‌ನಲ್ಲಿ ನಿಧಾನವಾಗಿ ಹೇಳಿದ, "ಮೊದಲು ಮೊಣಕಾಲು."

ನಮ್ಮಿಬ್ಬರ ಮೊದಲ ಮಾತು ಅದು. ಮೊಣಕಾಲು ಎತ್ತಿದೆ, ತಾನಾಗಿಯೇ ಹೊರಳಿದ.

ಅಲ್ಲಿಂದ ಏನೂ ಶುರುವಾಗಲಿಲ್ಲ. ಕೇಳುವವರಿಗೆ ಬೇಸರವಾಗುವುದು ಇಲ್ಲಿಯೇ. ಭಾಷೆ ಕಲಿಯಲು ಆ ಸಂಘಕ್ಕೆ ಸೇರಿದೆ. ತಿಂಗಳಿಗೊಂದು ಸಂಜೆ ಬ್ಯಾಂಡೇಜು, ಗೊಂಬೆಯ ಎದೆ ಒತ್ತುವುದು, ಆಮೇಲೆ ಒಂದು ಗ್ಲಾಸು ಏನಾದರೂ. ನಿವೃತ್ತ ಟೀಚರ್ ಒಬ್ಬರು ನನ್ನ ಜರ್ಮನ್ ತಿದ್ದಿದರು. ಜಾಫ್ನಾದ ನರ್ಸ್ ಒಬ್ಬರು ಕರಿಬೇವು ಎಲ್ಲಿ ಸಿಗುತ್ತದೆ ಅಂತ ಹೇಳಿಕೊಟ್ಟರು. ಅವನೂ ಬರುತ್ತಿದ್ದ, ಅಷ್ಟೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಆ ಊರಲ್ಲಿ ‘ಬಾಡೆನ್‌ಫಾರ್ಟ್’ ಎಂಬ ದೊಡ್ಡ ಜಾತ್ರೆ. 2017ರ ಆಗಸ್ಟಿನಲ್ಲಿ ಹತ್ತು ದಿನ ನಡೆಯಿತು. ನಮ್ಮಿಬ್ಬರಿಗೂ ಒಂದೇ ಪಾಳಿ ಬಿತ್ತು. ಹೊಸ ಚಪ್ಪಲಿ ಕಚ್ಚಿದ ಕಾಲು, ಕಣಜ ಕಡಿದ ತುಟಿ, ಗಾಜು ಕೊಯ್ದ ಕೈ. ರಾತ್ರಿ ಎರಡು ಗಂಟೆಗೆ ಒಬ್ಬ ಮುದುಕ ಬಂದು ತನಗೇನೂ ಆಗಿಲ್ಲ, ಸುಮ್ನೆ ಕೂರಬಹುದಾ ಅಂತ ಕೇಳಿದ. ಅವನು ಕುರ್ಚಿ ಕೊಟ್ಟು, ನೀರು ಕೊಟ್ಟು, ಒಂದು ಗಂಟೆ ಆ ಮುದುಕನ ಹಸುಗಳ ವಿಚಾರ ಕೇಳಿಸಿಕೊಂಡ. ನಾನು ಅವನನ್ನು ನೋಡಿದ್ದು ಆವತ್ತು.

ಕಾಫಿಗೆ ಕರೆದಾಗ ಡೈರಿ ತೆಗೆದು ಮೂರು ವಾರದ ಆಚೆಯ ಗುರುವಾರ ಹೇಳಿದ. ಬೇಡ ಅನ್ನುವುದನ್ನೇ ಹೀಗೆ ನಯವಾಗಿ ಹೇಳುತ್ತಿದ್ದಾನೆ ಅಂದುಕೊಂಡೆ. ಅಲ್ಲಿ ಹಾಗಲ್ಲ. ಮೂರು ವಾರದ ಆಚೆ ಅಂದರೆ ಮೂರು ವಾರ ಬಿಟ್ಟು ಖಂಡಿತ ಬರುತ್ತಾರೆ. ಬಂದ.

ಈಗ ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ. ನೀವಿಬ್ಬರೂ ಯಾವ ಭಾಷೆಯಲ್ಲಿ ಜಗಳ ಆಡ್ತೀರಿ?

ಇದನ್ನು ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ನಾವು ಜಗಳ ಆಡುವುದು ಶಾಲೆಯ ಜರ್ಮನ್‌ನಲ್ಲಿ. ಅವನ ಮನೆ ಮಾತು ಇಟಲಿಯ ದಕ್ಷಿಣದ್ದು, ಬೀದಿಯ ಮಾತು ಸ್ವಿಸ್ ಜರ್ಮನ್. ನನ್ನದು ಕನ್ನಡ. ಸಿಟ್ಟು ಬಂದಾಗ ಇಬ್ಬರೂ ಮನೆ ಬಿಟ್ಟು ಹೊರಗೆ ಬಂದು, ಸಾಲ ತಂದ ಮಾತಿನಲ್ಲಿ ಕೂಗಾಡಬೇಕು. ವ್ಯಾಕರಣ ತಪ್ಪಿದರೆ ಸಿಟ್ಟು ಅರ್ಧಕ್ಕೇ ನಿಲ್ಲುತ್ತದೆ. ‘ಹೋಗ್ಲಿ ಬಿಡು’ ಅನ್ನಲು ನನಗೆ ಬರುವ ಜರ್ಮನ್‌ನಲ್ಲಿ ಮಾತು ಸಿಗಲಿಲ್ಲ. ಕನ್ನಡದಲ್ಲೇ ಅಂದೆ. ಅವನು ಅದನ್ನು ಕಲಿತ. ಈಗ ಹಾಲು ಉಕ್ಕಿದರೂ, ರೈಲು ತಪ್ಪಿದರೂ "ಹೋಗ್ಲಿ ಬಿಡು" ಅನ್ನುತ್ತಾನೆ.

ಆದರೆ ಆ ಸಾಲದ ಭಾಷೆಯಲ್ಲೇ ನಾನು ನನ್ನ ಜೀವನದ ಅತಿ ಕಷ್ಟದ ಮಾತನ್ನು ಹೇಳಿದ್ದು.

ಅವನ ಕೆಲಸ ನಲ್ಲಿ, ಪೈಪು, ಬಚ್ಚಲಿನದು. ಹದಿನಾರಕ್ಕೆ ಶಾಲೆ ಬಿಟ್ಟು ಕೆಲವು ವರ್ಷ ಕೆಲಸ ಮಾಡುತ್ತಾ ಕಲಿತು ಸರ್ಟಿಫಿಕೇಟ್ ಪಡೆದವನು. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಹೀಗೆ ಒಂದು ಕಸುಬು ಕಲಿಯುವ ದಾರಿ ಹಿಡಿಯುತ್ತಾರೆ. ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆ. ಇಟಲಿಯ ಮೂಲ ಅಂದಾಗ "ಆಯ್ತಮ್ಮ" ಅಂದರು. ಮಾಂಸ ತಿನ್ನುತ್ತಾನೆ ಅಂದಾಗಲೂ ಸಹಿಸಿದರು. ಕೆಲಸ ಹೇಳಿದಾಗ ಲೈನು ಕಟ್ಟಾಯಿತೇನೋ ಅನ್ನುವಷ್ಟು ಹೊತ್ತು ಸದ್ದಿಲ್ಲ. ಆಮೇಲೆ, "ಪ್ಲಂಬರಾ?" ಆ ವರ್ಷದ ಮದುವೆಯೊಂದರಲ್ಲಿ ಯಾರೋ ಕೇಳಿದರು. ಅಮ್ಮ "ನೀರಿನ ಇಂಜಿನಿಯರ್" ಅಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಅದು ನನ್ನನ್ನು ತಿಂಗಳುಗಟ್ಟಲೆ ಕೊರೆಯಿತು. ಯಾಕೆಂದರೆ ನಲ್ಲಿ ರಿಪೇರಿಗೆ ಬಂದವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವ ಮನೆಯಲ್ಲಿ ಬೆಳೆದವಳು ನಾನು. ಆ ಲೋಟ ಹಿತ್ತಲ ಕಿಟಕಿಯ ಮೇಲಿರುತ್ತಿತ್ತು. ಕುಡಿದವರೇ ತೊಳೆದಿಡಬೇಕಿತ್ತು. ಚಿಕ್ಕವಳಿದ್ದಾಗ ಎಷ್ಟೋ ಸಲ ನಾನೇ ಕೊಟ್ಟಿದ್ದೇನೆ.

ಬಾಡೆನ್ ಹತ್ತಿರ ಎಂಡಿಂಗೆನ್, ಲೆಂಗ್ನೌ ಅಂತ ಎರಡು ಹಳ್ಳಿಗಳಿವೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಸ್ವಿಟ್ಜರ್ಲೆಂಡಿನ ಯಹೂದಿಗಳು ಹೆಚ್ಚುಕಡಿಮೆ ಆ ಎರಡೇ ಹಳ್ಳಿಗಳಲ್ಲಿ ನೆಲೆಸಬಹುದಿತ್ತು. ಬೇಕಾದ ಕಡೆ ಇರುವ ಹಕ್ಕು ಅವರಿಗೆ ಬಂದದ್ದು 1866ರಲ್ಲಿ. ಎಂಡಿಂಗೆನ್ ಊರ ನಡುವೆ ಚರ್ಚಿಲ್ಲ, ಯಹೂದಿಗಳ ಸಿನಗಾಗ್ ಇದೆ, ಅದರ ಮೇಲೆ ಗಡಿಯಾರ. ಹಳೆಯ ಕೆಲವು ಮನೆಗಳಿಗೆ ಮುಂದೆ ಅಕ್ಕಪಕ್ಕ ಎರಡು ಬಾಗಿಲು. ಒಂದು ಕ್ರೈಸ್ತರಿಗೆ, ಒಂದು ಯಹೂದಿಗಳಿಗೆ ಅಂತ ಊರವರು ಹೇಳುತ್ತಾರೆ. ಅಲ್ಲಿಗೆ ನಡೆದು ಹೋಗಿದ್ದೆವು. ಅವನು ಬಾಗಿಲು ತೋರಿಸಿ ಇದನ್ನೆಲ್ಲ ವಿವರಿಸುತ್ತಿದ್ದ. ನನಗೆ ಹಿತ್ತಲ ಕಿಟಕಿ ಕಣ್ಣಿಗೆ ಕಟ್ಟಿತು. ಅಲ್ಲೇ ನಿಂತು ಹೇಳಿದೆ. ಲೋಟದ ವಿಷಯ, ‘ನೀರಿನ ಇಂಜಿನಿಯರ್’ ವಿಷಯ, ನಾನು ಸುಮ್ಮನಿದ್ದ ವಿಷಯ. ಕನ್ನಡದಲ್ಲಾಗಿದ್ದರೆ ಹೇಳಲು ಆಗುತ್ತಿರಲಿಲ್ಲ, ನಾಚಿಕೆ ನಾಲಿಗೆ ಹಿಡಿಯುತ್ತಿತ್ತು.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನ ಅಕ್ಕನ ಕತೆ ಹೇಳಿದ. ಅವರ ಅಪ್ಪ ಕಟ್ಟಡ ಕೆಲಸಕ್ಕೆ ಸೀಸನ್ ಪರ್ಮಿಟ್‌ನಲ್ಲಿ ಬಂದವರು. ವರ್ಷಕ್ಕೆ ಒಂಬತ್ತು ತಿಂಗಳು ಕೆಲಸ, ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಆದರೂ ಅವರು ಕರೆತಂದರು. ಅಂಥ ಮಕ್ಕಳು ಆಗ ಆ ದೇಶದಲ್ಲಿ ಸಾವಿರಾರು ಇದ್ದರು. ನಾಲ್ಕು ವರ್ಷದ ಹುಡುಗಿ ಹಗಲೆಲ್ಲ ಒಂದು ಕೋಣೆಯಲ್ಲಿ ಇರಬೇಕಿತ್ತು. ಕಿಟಕಿ ಹತ್ತಿರ ಹೋಗಬಾರದು, ಜೋರಾಗಿ ನಗಬಾರದು. ಹೇಳುತ್ತಾ ಹೇಳುತ್ತಾ ಅವನ ಜರ್ಮನ್ ನಿಂತು ಇಟಾಲಿಯನ್ ಬಂತು. ನನಗೆ ಪೂರ್ತಿ ತಿಳಿಯಲಿಲ್ಲ. ತಡೆಯಲೂ ಇಲ್ಲ. ಆ ಸೀಸನ್ ಪರ್ಮಿಟ್ ಪೂರ್ತಿ ಹೋಗಿದ್ದು 2002ರಲ್ಲಿ.

2020ರ ಜನವರಿಯಲ್ಲಿ ಅವನು ತಿಪಟೂರಿಗೆ ಬಂದ. ಎರಡನೆಯ ದಿನವೇ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು ಅವನಿಗೆ. ಪಕ್ಕದ ಮನೆಯಿಂದ ಸ್ಪ್ಯಾನರ್ ತರಿಸಿ ಸಿಂಕಿನ ಕೆಳಗೆ ಮಲಗಿದ. ಅಮ್ಮ ಅವನಿಗೆ ಒಳ್ಳೆಯ ಸ್ಟೀಲ್ ಲೋಟದಲ್ಲಿ, ನೊರೆ ಬರಿಸಿ ಕಾಫಿ ಕೊಟ್ಟರು. ದೊಡ್ಡಮ್ಮ ಫೋಟೊ ತೆಗೆದರು. ಹೋದ ವರ್ಷ ಅದೇ ನಲ್ಲಿ ಮತ್ತೆ ಕೆಟ್ಟಿತು. ರಿಪೇರಿಗೆ ಬಂದವರು ತಿಪಟೂರಿನವರೇ. ಅವರಿಗೆ ಹಿತ್ತಲ ಕಿಟಕಿಯ ಲೋಟ. ಅಮ್ಮನನ್ನು ಕೇಳಿದೆ. "ಅದು ಬೇರೆ, ಇದು ಬೇರೆ ಕಣೆ" ಅಂದರು. ನಾನು ಆ ಲೋಟವನ್ನು ತೆಗೆದು ಒಳಗಿನ ಲೋಟಗಳ ಜೊತೆ ಇಟ್ಟು ಬಂದಿದ್ದೇನೆ. ಅದು ಇನ್ನೂ ಅಲ್ಲೇ ಇದೆಯಾ ಅಂತ ಫೋನ್ ಮಾಡಿದಾಗಲೆಲ್ಲ ಕೇಳುತ್ತೇನೆ. ಅಮ್ಮ ಮಾತು ಬದಲಿಸುತ್ತಾರೆ.

ಹಾಗಾಗಿ ಎಲ್ಲಿ ಸಿಕ್ಕಿದ, ದೇಶ ಬೇರೆ ಅಲ್ವಾ, ಕಷ್ಟ ಆಗಲಿಲ್ವಾ ಅಂದರೆ ನನಗೆ ಉತ್ತರ ಹೊರಡುವುದಿಲ್ಲ. ದೇಶ ದಾಟಲು ಒಂದು ವಿಮಾನ ಸಾಕಾಗಿತ್ತು.

ಇನ್ನು ಭಾನುವಾರ ಒಬ್ಬರೇ ಕೂತಿರುವ ತಮ್ಮಂದಿರು, ತಂಗಿಯರು. ತಿಂಗಳಿಗೊಮ್ಮೆಯಾದರೂ ಅದೇ ಜನ ಸೇರುವ ಕಡೆ ಹೋಗಿ. ಹಾಡುವ ಗುಂಪು, ಚಾರಣದ ಗುಂಪು, ಯಾವುದಾದರೂ ಸರಿ. ಮೊದಲ ಆರು ತಿಂಗಳು ಯಾರೂ ಮನೆಗೆ ಕರೆಯುವುದಿಲ್ಲ, ಆದರೂ ಬಿಡಬೇಡಿ. ಸ್ವಿಸ್ ಜರ್ಮನ್ ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ಜನ ಭಾಷೆ ಬದಲಿಸುತ್ತಾರೆ. ಪ್ರಥಮ ಚಿಕಿತ್ಸೆಯ ತರಬೇತಿಗೇ ಹೋಗುವುದಾದರೆ ಶುಕ್ರವಾರ ಸಂಜೆ ಸಡಿಲವಾದ ಪ್ಯಾಂಟು ಹಾಕಿಕೊಂಡು ಹೋಗಿ. ನೆಲ ತಣ್ಣಗಿರುತ್ತದೆ. ಮತ್ತೆ, ಮೊದಲು ಮೊಣಕಾಲು.