ಒರೆಸಿ ಹಾಕಿದ ಎಣ್ಣೆ

ಆಯುಧ ಪೂಜೆ ಹತ್ತಿರ ಬಂದರೆ ಆ ಚೇತಕ್ ಸ್ಕೂಟರ್ ನೆನಪಾಗುತ್ತದೆ. 1984ರ ಗಾಡಿ. ಮಲ್ಲಂದೂರು ಕಡೆಯ ತೋಟದ ಗೋಡೌನಿನಲ್ಲಿ ಮಳೆಗಾಲ ಪೂರ್ತಿ ನಿಂತಿತ್ತು. ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಪಿಕಪ್‌ನಲ್ಲಿ ಹಾಕಿಕೊಂಡು ಬಂದರು. "ಓರೆ ಮಾಡಿ ಮಾಡಿ ಕಿಕ್ ಹೊಡೆದಿದ್ದೀವಿ, ಹಿಡೀತಾನೇ ಇಲ್ಲ. ಪೂಜೆಗೆ ಸ್ಟಾರ್ಟ್ ಆಗ್ಬೇಕು" ಎಂದರು ಗಾಡಿಯ ಯಜಮಾನರು.

ಪ್ಲಗ್ ಬಿಚ್ಚಿದೆ, ಒದ್ದೆ. ಫ್ಯಾನ್ ಕವರ್ ತೆಗೆದು ಮ್ಯಾಗ್ನೆಟ್ ಕಿಂಡಿಯಲ್ಲಿ ನೋಡಿದರೆ, ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟಿನ ಮೇಲೆ ಎಣ್ಣೆ ಪಸೆ. ವೇಸ್ಟ್ ಬಟ್ಟೆಯಲ್ಲಿ ಒರೆಸಿದೆ, ಪಾಯಿಂಟ್ ಉಜ್ಜಿ ಗ್ಯಾಪ್ 0.4 ಮಿ.ಮೀ.ಗೆ ಕೂರಿಸಿದೆ. ಕಿಡಿ ನೀಲಿಯಾಗಿ ಬಂತು. ಆ ಎಣ್ಣೆ ಅಲ್ಲಿಗೆ ಹೇಗೆ ಬಂತು ಅಂತ ಯೋಚಿಸಲೇ ಇಲ್ಲ.

ಆಮೇಲೆ ಕಂಪ್ರೆಷನ್ ಗೇಜ್, ಪ್ಲಗ್ ತೂತಿಗೆ ಹಿಡಿದು ಒಳಗಿನ ಒತ್ತಡ ಅಳೆಯೋದು. ನಮ್ಮದು ರಬ್ಬರ್ ತುದಿಯದ್ದು, ಕೈಯಲ್ಲಿ ಒತ್ತಿ ಹಿಡಿಯಬೇಕು. ಥ್ರೆಡ್ ಇರೋದು ತರಿಸಿ ಅಂತ ಗ್ಯಾರೇಜ್ ಮಾಲೀಕರಿಗೆ ಎರಡು ವರ್ಷದಿಂದ ಹೇಳುತ್ತಿದ್ದೇನೆ, ಇನ್ನೂ ಬಂದಿಲ್ಲ. ಆಕ್ಸಿಲರೇಟರ್ ಹಿಡಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಗೇ ಕಿಕ್ ಹೊಡೆದೆ. ಮುಳ್ಳು 65 ಪಿಎಸ್ಐಗೆ ನಿಂತಿತು. ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಸವೆದು ಹೋಗಿದೆ ಅಂದುಬಿಟ್ಟೆ.

ಆ 65 ಅರ್ಧ ಸುಳ್ಳು. ಆಕ್ಸಿಲರೇಟರ್ ಮುಚ್ಚಿದ್ದರೆ ಒಳಗೆ ಹೋಗುವ ಗಾಳಿಯೇ ಕಡಿಮೆ. ಓರೆ ಮಾಡಿ ಹೊಡೆದ ಕಿಕ್‌ಗಳಿಗೆ ಪೆಟ್ರೋಲ್ ನುಗ್ಗಿ ಬೋರಿನ ಎಣ್ಣೆಯನ್ನು ತೊಳೆದಿತ್ತು, ಪಿಸ್ಟನ್ ರಿಂಗ್ ಹಿಡಿತ ಕೊಡುತ್ತಿರಲಿಲ್ಲ. ನಮ್ಮ ಊರು ಸಾವಿರ ಮೀಟರ್ ಎತ್ತರ ಬೇರೆ, ಹತ್ತರಲ್ಲಿ ಒಂದು ಪಾಲು ಅಲ್ಲೇ ಇಳಿಯುತ್ತೆ. ಬೋರ್ ಬಿಚ್ಚಿದ ಮೇಲಾದರೂ ರಿಂಗನ್ನು ಒಳಗೆ ಕೂರಿಸಿ ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ಸವೆತ ನೋಡಬಹುದಿತ್ತು. ಹಬ್ಬದ ಅವಸರ. ಬೋರ್ ಕೊರೆದು ಅಗಲ ಮಾಡಿಸಲು ಹಾಸನದ ಲೇತಿಗೆ ಕಳಿಸಿದೆ. ಅಲ್ಲಿಂದ ಫೋನ್ ಬಂತು. "ಬೋರ್ ಚೆನ್ನಾಗೇ ಇದೆಯಲ್ಲ, ಹೊಡೀಲಾ?"

"ಹೊಡಿ" ಅಂದೆ. ಈಗಲೂ ಚುಚ್ಚೋದು ಆ ಒಂದು ಮಾತು.

ಹಬ್ಬದ ಹಿಂದಿನ ಸಂಜೆ, ಕೊರೆಸಿ ತಂದ ಬೋರಿಗೆ ಓವರ್‌ಸೈಜ್ ಪಿಸ್ಟನ್ ಹಾಕಿ ಜೋಡಿಸಿದೆ. ಗೇಜ್ 105 ತೋರಿಸಿತು. ಯಜಮಾನರು ಹೆಂಡತಿ ಜೊತೆ ಬಂದು ಬೆಂಚಿನ ಮೇಲೆ ಕೂತಿದ್ದರು, ಕಾಲ ಬಳಿ ಚೆಂಡು ಹೂವಿನ ಹಾರ, ಒಂದು ಬೂದುಗುಂಬಳ. ಇಪ್ಪತ್ತು ಕಿಕ್, ಮೂವತ್ತು ಕಿಕ್. ಅಂಗಿ ಬೆನ್ನಿಗೆ ಅಂಟಿತ್ತು. ಯಾರೂ ಮಾತಾಡುತ್ತಿಲ್ಲ. ಒಮ್ಮೆ ಹಿಡಿಯಿತು. ಆಕ್ಸಿಲರೇಟರ್ ಮುಟ್ಟದೇನೇ ಇಂಜಿನ್ ಕಿರುಚಿಕೊಂಡು ಮೇಲೇರಿತು, ಫಕ್ಕನೆ ನಿಂತಿತು.

ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಆಗ ನೆನಪಾಯಿತು ಆ ವೇಸ್ಟ್ ಬಟ್ಟೆ.

ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದೆ, ಪ್ಲೇಟ್ ಬಿಚ್ಚಿದೆ. ಕ್ರ್ಯಾಂಕಿನ ಸೀಲ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಡುಸಾಗಿತ್ತು. ತುಟಿ ಒಂದು ಕಡೆ ಸೀಳಿತ್ತು, ಉಗುರಲ್ಲಿ ಒತ್ತಿದರೆ ಚೂರು ಉದುರಿತು. ಟೂ ಸ್ಟ್ರೋಕಿನಲ್ಲಿ ಎಣ್ಣೆ ಬೆರೆಸಿದ ಪೆಟ್ರೋಲ್ ಮೊದಲು ಪಿಸ್ಟನ್ ಕೆಳಗೆ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೇರಬೇಕು. ಸೀಲ್ ಸೀಳಿದರೆ ಎಳೆಯುವಾಗ ಆ ಸಂದಿಯಿಂದ ಬರೀ ಗಾಳಿ ಬರುತ್ತೆ, ಒತ್ತುವಾಗ ಎಣ್ಣೆ ಹೊರಗೆ ಪಾಯಿಂಟಿನ ಮೇಲೆ ಚಿಮ್ಮುತ್ತೆ. ಪ್ಲಗ್ ತೂತಿಗೆ ಗೇಜ್ ಒತ್ತಿದರೆ ಇದ್ಯಾವುದೂ ಕಾಣಲ್ಲ. ಕಂಡಿದ್ದು ಆ ಪಸೆಯಲ್ಲಿ ಮಾತ್ರ. ಅದನ್ನೇ ನಾನು ಒರೆಸಿ ಹಾಕಿದ್ದೆ.

ಹೊಸ ಸೀಲ್ ಕೂರಿಸಿದೆ. ಮೂರನೇ ಕಿಕ್‌ಗೆ ಹಿಡಿಯಿತು, ಐಡ್ಲಿಂಗ್ ಸಮ ಕೂತಿತು.

ಬೋರಿಂಗ್ ಬೇಕಿತ್ತು ಅಂತಲೇ ಹೇಳು, ಬಿಲ್ ಹಾಗೇ ಇರಲಿ ಅಂದರು ಮಾಲೀಕರು. ನನಗೆ ಬಾಯಿ ಬರಲಿಲ್ಲ. ಯಜಮಾನರಿಗೆ ಇದ್ದಿದ್ದನ್ನು ಇದ್ದ ಹಾಗೆ ಹೇಳಿದೆ, ಬೋರಿಂಗ್ ದುಡ್ಡು ಮಾಲೀಕರು ನನ್ನ ಸಂಬಳದಲ್ಲಿ ಹಿಡಿದುಕೊಂಡರು. ದುಡ್ಡು ಹೋಗಲಿ, ಕೊರೆದ ಬೋರ್ ವಾಪಸ್ ಬರಲ್ಲ. 1984ರಿಂದ ಯಾರೂ ಕೈ ಹಚ್ಚದ ಸ್ಟ್ಯಾಂಡರ್ಡ್ ಬೋರ್ ಅದು.

ಯಜಮಾನರು ಬೈಯಲಿಲ್ಲ. "ಹಳೇ ಪಿಸ್ಟನ್ ಇದೆಯಾ? ಕೊಡು" ಎಂದರು. ಪೆಟ್ರೋಲಿನಲ್ಲಿ ತೊಳೆದು, ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅವರ ಹೆಂಡತಿ ಅದನ್ನು ಹೂವಿನ ಚೀಲದೊಳಗೆ ಇಟ್ಟುಕೊಂಡರು.