ಸಾಹೇಬ್ರು ಏನ್ ಕೆಲಸ ಮಾಡ್ತಾರ್ರಿ ಸರ್?

ಕಲಬುರಗಿಯಲ್ಲಿ ಕೆಎಎಸ್, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುವವರಿಗೆ ನಾನು ಸಾರ್ವಜನಿಕ ಆಡಳಿತ ಹೇಳಿಕೊಡುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಸರ್, ನೀರು ಬಿಡೋದು ವಾಟರ್‌ಮನ್, ರೋಡ್ ಮಾಡೋದು ಗುತ್ತಿಗೆದಾರ, ಪಾಠ ಹೇಳೋದು ಮಾಸ್ತರು. ಸಾಹೇಬ್ರು ಬರೇ ಮೀಟಿಂಗ್ ಮಾಡ್ತಾರ, ಸಹಿ ಹಾಕ್ತಾರ. ಅವರ ಕೆಲಸ ಅಂದ್ರ ಏನ್ರಿ?"

ಪರೀಕ್ಷೆಗೆ ಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಆಡಳಿತ ತಜ್ಞ ಲೂಥರ್ ಗುಲಿಕ್ 1937ರಲ್ಲಿ 'ಪೋಸ್ಡ್‌ಕಾರ್ಬ್' ಎಂಬ ಪದ ಬಳಸಿದರು. ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ಸಮನ್ವಯ, ವರದಿ, ಬಜೆಟ್ ಎಂಬ ಅಧಿಕಾರಿಯ ಏಳು ಕೆಲಸಗಳ ಇಂಗ್ಲಿಷ್ ಹೆಸರಿನ ಅಕ್ಷರಗಳಿಂದ ಆ ಪದ ಆಗಿದೆ. ಬಾಯಿಪಾಠ ಮಾಡಿ, ಅಂಕ ಬರುತ್ತವೆ. ನನಗೆ ಮಾತ್ರ ಚೆಸ್ಟರ್ ಬರ್ನಾರ್ಡ್ ಹೇಳಿದ್ದೇ ಜಾಸ್ತಿ ಹಿಡಿಸುತ್ತದೆ. ಅವರು ಅಮೆರಿಕದ ನ್ಯೂಜೆರ್ಸಿಯಲ್ಲಿ ಟೆಲಿಫೋನ್ ಕಂಪನಿ ನಡೆಸಿದವರು. 1938ರಲ್ಲಿ ಅವರು ಹೇಳಿದ್ದು ಅಧಿಕಾರಿಯ ಮೂರೇ ಕೆಲಸ: ಸುದ್ದಿ ಹೋಗಿಬರುವ ದಾರಿ ತೆರೆದಿಡುವುದು, ಜನ ಮನಸ್ಸಿಟ್ಟು ದುಡಿಯುವಂತೆ ಮಾಡುವುದು, ಏನು ಸಾಧಿಸಬೇಕು ಅಂತ ಗೊತ್ತುಮಾಡುವುದು.

ಭೀಮಾ ನದಿಯನ್ನೇ ನೋಡಿ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ ಉಜನಿ ಡ್ಯಾಮ್ ಇದೆ. ಅಲ್ಲಿ ಬಿಟ್ಟ ನೀರು ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜ್ ದಾಟಿ, ಜೇವರ್ಗಿ ಕಡೆಯಿಂದ ಯಾದಗಿರಿಗೆ ಹೋಗುತ್ತದೆ. 2020ರ ಅಕ್ಟೋಬರ್ ಪ್ರವಾಹ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮ್ ಬೇರೆ ರಾಜ್ಯದ್ದು, ಬ್ಯಾರೇಜ್ ನೀರಾವರಿಯವರದ್ದು, ಕರೆಂಟ್ ಜೆಸ್ಕಾಂನದ್ದು, ಬಸ್ಸು ಸಾರಿಗೆ ಸಂಸ್ಥೆಯದ್ದು, ಊರಲ್ಲಿ ಡಂಗುರ ಹೊಡೆಸುವುದು ಕಂದಾಯದವರು, ಕಾಳಜಿ ಕೇಂದ್ರದಲ್ಲಿ ಗಂಜಿ ಬೇಯುವಷ್ಟರಲ್ಲಿ ಡಾಕ್ಟರ್ ಕೂಡ ಅಲ್ಲಿರಬೇಕು. ಇವರೆಲ್ಲ ಒಂದೇ ಇಲಾಖೆಯವರಲ್ಲ. ಇಲ್ಲಿ ಜಿಲ್ಲಾಧಿಕಾರಿ ದೋಣಿ ನಡೆಸಬೇಕಿಲ್ಲ. ನೀರು ಬರುವ ಮೊದಲೇ ಸುದ್ದಿ ಕೊನೆಯ ಊರಿಗೆ ಮುಟ್ಟಬೇಕು, ಯಾರು ಏನು ಮಾಡಬೇಕು ಅನ್ನುವುದು ಅವರವರಿಗೆ ಗೊತ್ತಿರಬೇಕು. ಅದನ್ನು ನೋಡಿಕೊಳ್ಳುವುದೇ ಅವರ ಕೆಲಸ.

ಸುದ್ದಿ ಮುಟ್ಟಿದರೆ ಸಾಕಾ? ಸಾಲದು. "ಊರು ಬಿಟ್ಟು ಕಾಳಜಿ ಕೇಂದ್ರಕ್ಕೆ ಬರ್ರಿ" ಅಂತ ಕೂಗಿದ ಮೇಲೂ ಎಮ್ಮೆ ಕಟ್ಟಿಕೊಂಡವರು ಮನೆಯಿಂದ ಏಳುವುದಿಲ್ಲ. "ದನಾ ಬಿಟ್ಟು ಹ್ಯಾಂಗ್ ಬರಲ್ರಿ?" ಅನ್ನುತ್ತಾರೆ. ಅದು ಹಟವಲ್ಲ, ಆ ಮನೆ ನಡೆಯುವುದೇ ಆ ಎಮ್ಮೆಯ ಹಾಲಿನ ಮೇಲೆ. ಬರ್ನಾರ್ಡ್ ಪ್ರಕಾರ ಆದೇಶಕ್ಕೆ ಬಲ ಬರುವುದು ಕೊಟ್ಟವರ ಕುರ್ಚಿಯಿಂದಲ್ಲ, ಕೇಳಿಸಿಕೊಂಡವರು ಒಪ್ಪುವುದರಿಂದ. ಹೇಳಿದ್ದು ಅರ್ಥವಾಗಬೇಕು, ಸಂಸ್ಥೆಯ ಉದ್ದೇಶಕ್ಕೆ ಹೊಂದಬೇಕು, ತನಗೆ ನಷ್ಟ ಅನಿಸಬಾರದು, ಮಾಡಲು ಕೈಲಾಗಬೇಕು. ಸಂಸ್ಥೆಯ ಒಳಗಿನವರನ್ನು ಮನಸ್ಸಲ್ಲಿಟ್ಟು ಹೇಳಿದ ಮಾತಿದು, ಆದರೆ ಭೀಮಾ ದಂಡೆಯ ಊರಿಗೂ ಸರಿಯಾಗಿ ಹೊಂದುತ್ತದೆ. ದನಗಳಿಗೆ ಎತ್ತರದಲ್ಲಿ ಜಾಗ, ಮೇವು ಮೊದಲೇ ಮಾಡಿಟ್ಟ ತಹಶೀಲ್ದಾರರ ಮಾತು ನಡೆಯುತ್ತದೆ. ಬರೀ ನೋಟಿಸ್ ಅಂಟಿಸಿದವರದ್ದು ನಡೆಯುವುದಿಲ್ಲ.

ಸಿಬ್ಬಂದಿ, ಬಜೆಟ್ ವಿಷಯ ನಿಮಗೆ ಗೊತ್ತೇ ಇದೆ. ನಮ್ಮ ಭಾಗದಲ್ಲಿ ಖಾಲಿ ಹುದ್ದೆ ಹಳೆಯ ಗೋಳು, ಪ್ರಭಾರದ ಮೇಲೆ ಒಬ್ಬರೇ ಎರಡು ಕುರ್ಚಿ ನೋಡಿಕೊಳ್ಳುತ್ತಾರೆ. ಮಾರ್ಚ್ 31ರೊಳಗೆ ದುಡ್ಡು ಖರ್ಚಾಗಬೇಕು ಅಂತ ಕೊನೆಗೆ ಗಡಿಬಿಡಿ ಮಾಡುವುದು ಬಜೆಟ್ ಅಲ್ಲ.

ಇನ್ನು ಮೀಟಿಂಗ್. ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಪ್ರತಿ ಇಲಾಖೆಯವರೂ ಎದ್ದು "ಪ್ರಗತಿಯಲ್ಲಿದೆ" ಅಂತ ಓದಿ ಕೂತರೆ ಅದು ಸುಮ್ನೆ ಹೊತ್ತು ಕಳೆದಂತೆ. ಬೋರ್‌ವೆಲ್ ಮೋಟರ್ ಸುಟ್ಟು ಊರಿಗೆ ನೀರಿಲ್ಲ ಅನ್ನುವ ಮಾತು ಆ ಕೋಣೆಗೆ ಬಂದು, ಯಾರು ಯಾವತ್ತಿನೊಳಗೆ ಸರಿ ಮಾಡಬೇಕು ಅಂತ ತೀರ್ಮಾನವಾಗಿ ಹೊರಗೆ ಹೋದರೆ, ಆ ಮೀಟಿಂಗೇ ಕೆಲಸ. ಇಂಥ ಸಭೆ ನಡೆಸುವ ಅಧಿಕಾರಿಗಳು ನಮ್ಮ ಭಾಗದ ಜಿಲ್ಲೆಗಳಿಗೆ ಬೇಕು ಅಂತಲೇ ನಾನು ಈ ಪಾಠಕ್ಕೆ ಇಷ್ಟು ಹೊತ್ತು ಕೊಡುವುದು.

ಹಾಗಾಗಿ ನೀವು ಪಿಡಿಒ ಆಗಿ ಹೋದ ಮೊದಲ ವಾರ ಫೈಲು ಆಮೇಲೆ ನೋಡಿ. ವಾಟರ್‌ಮನ್, ಬಿಲ್ ಕಲೆಕ್ಟರ್, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಎಲ್ಲರ ಜೊತೆ ಕೂತು ಮಾತಾಡಿ. ಊರಲ್ಲಿ ಏನಾದರೂ ಕೆಟ್ಟರೆ ಇವರಲ್ಲಿ ಯಾರು ನಿಮಗೆ ಮೊದಲು ಫೋನ್ ಮಾಡಬೇಕು, ನೀವು ಫೋನ್ ಎತ್ತದಿದ್ದರೆ ಮುಂದೆ ಯಾರಿಗೆ ಮಾಡಬೇಕು ಅನ್ನುವುದನ್ನು ಅಲ್ಲೇ ಗೊತ್ತುಮಾಡಿಕೊಳ್ಳಿ.