ಐಟಿಐ ಮುಗಿಸಿ ಕಟ್ಟಡದ ವಿದ್ಯುತ್ ವಿನ್ಯಾಸ ಓದಲು ಹೊರಟವರಿಗೆ

ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವರಿಗೆ ಕರ್ನಾಟಕದಲ್ಲಿ ಡಿಪ್ಲೊಮಾದ ಮೂರನೇ ಸೆಮಿಸ್ಟರ್‌ಗೆ ನೇರ ಪ್ರವೇಶ ಸಿಗುತ್ತದೆ. ಡಿಪ್ಲೊಮಾ ಆದಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಒಂದು ವರ್ಷ ಉಳಿಯಿತು ಎಂದು ಖುಷಿಪಡುವ ಮೊದಲು ಒಂದು ಮಾತು: ಉಳಿಯುವ ಆ ವರ್ಷದಲ್ಲೇ ಗಣಿತ ಇರುವುದು. ತ್ರಿಕೋನಮಿತಿ ಮತ್ತು ಕಾಂಪ್ಲೆಕ್ಸ್ ಸಂಖ್ಯೆ ಬಾರದೆ ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜಕ್ಕೂ ಕೆಲಸ ಮಾಡುವ ಪಾಲು) ಆಗಲಿ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಟ್ಟು ತಡೆ) ಆಗಲಿ ತಲೆಗೆ ಹತ್ತುವುದಿಲ್ಲ. ಸೇರುವ ಮುಂಚಿನ ರಜೆಯನ್ನು ಇವೆರಡಕ್ಕೇ ಇಡಿ.

ಉಳಿದದ್ದರಲ್ಲಿ ಅರ್ಧ ನಿಮ್ಮ ಕೈಗೆ ಈಗಾಗಲೇ ಗೊತ್ತು. ಎಡವುವುದು ಎಲ್ಲಿ ಎಂದರೆ, ಸೈಟಿನಲ್ಲಿ ಎಲ್ಲವನ್ನೂ ಆಂಪಿಯರ್‌ನಲ್ಲೇ ಅಳೆದು ರೂಢಿಯಾಗಿರುತ್ತದೆ. ‘ಇಷ್ಟು ಲೋಡಿಗೆ ಇಷ್ಟು ಸ್ಕ್ವೇರ್’ (ಚದರ ಮಿ.ಮೀ. ತಂತಿ) ಅಂದರೆ ಮುಗಿಯಿತು. ವಿನ್ಯಾಸದಲ್ಲಿ ಅದರ ಜೊತೆಗೆ ದೂರ ಎಷ್ಟು, ಫಾಲ್ಟ್ (ಶಾರ್ಟ್ ಅಥವಾ ಅರ್ಥ್ ದೋಷ) ಆದರೆ ಎಷ್ಟು ಕರೆಂಟ್ ಹರಿಯುತ್ತದೆ, ಎಷ್ಟು ಹೊತ್ತಿಗೆ ಕಟ್ ಆಗುತ್ತದೆ ಎಂಬುದನ್ನೂ ಕೇಳಬೇಕು.

ದೂರದಿಂದಲೇ ಶುರು ಮಾಡೋಣ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಎಲ್‌ಟಿ, ಅಂದರೆ ಕಡಿಮೆ ವೋಲ್ಟೇಜ್, ಸಂಪರ್ಕವಿರುವ ಒಂದು ಕಚೇರಿ ಕಟ್ಟಡ. ಮೇಲಿನ ಮಹಡಿಯ ಪ್ಯಾನೆಲ್‌ಗೆ 40 ಕಿಲೋವ್ಯಾಟ್ ಬೇಕು, ಪವರ್ ಫ್ಯಾಕ್ಟರ್ 0.9, ಕೇಬಲ್ ದಾರಿ 90 ಮೀಟರ್. 415 ವೋಲ್ಟ್‌ನಲ್ಲಿ ಫೇಸ್‌ಗೆ ಸುಮಾರು 62 ಆಂಪಿಯರ್. 25 ಸ್ಕ್ವೇರ್ ಅಲ್ಯೂಮಿನಿಯಂ ಎಕ್ಸ್‌ಎಲ್‌ಪಿಇ (ಬಿಸಿ ತಾಳುವ ಪ್ಲಾಸ್ಟಿಕ್ ಹೊದಿಕೆಯ) ಕೇಬಲ್ ಇದನ್ನು ಸಲೀಸಾಗಿ ಹೊರುತ್ತದೆ. ಆದರೆ ಅದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 1.20 ಓಮ್, 90 ಡಿಗ್ರಿಗೆ ಬಿಸಿಯಾದಾಗ 1.54. ಲೆಕ್ಕ ಹಾಕಿದರೆ ಸುಮಾರು 13.7 ವೋಲ್ಟ್ ದಾರಿಯಲ್ಲೇ ಹೋಯಿತು, ಅಂದರೆ 3.3%. ಎಸ್ಕಾಂನಿಂದ ಎಲ್‌ಟಿ ಪಡೆಯುವ ಕಟ್ಟಡದಲ್ಲಿ ಲೈಟಿಂಗ್‌ಗೆ ಐಎಸ್ 732 (ವೈರಿಂಗ್‌ನ ಭಾರತೀಯ ಮಾನಕ) ಕೊಡುವ ಮಿತಿ, ದೀಪದ ತುದಿಯವರೆಗೂ ಸೇರಿ, 3%. ಪ್ಯಾನೆಲ್ ತಲುಪುವಷ್ಟರಲ್ಲೇ ಅದು ದಾಟಿತು. 35 ಸ್ಕ್ವೇರ್ ಆದರೆ 2.4%, 50 ಆದರೆ 1.8%. ಮುಂದಿನ ವೈರಿಂಗ್‌ಗೂ ಜಾಗ ಉಳಿಯಬೇಕಾದ್ದರಿಂದ ಇಲ್ಲಿ 50ಕ್ಕೆ ಹೋಗಬೇಕು.

ಹಾಗೆಂದು ಅಂಗಡಿಗೆ ಹೋಗಿ ಮೂರೂವರೆ ಕೋರ್ 50 ತಂದರೆ ಅದರ ನ್ಯೂಟ್ರಲ್ 25 ಸ್ಕ್ವೇರ್ ಮಾತ್ರ. ಮೋಟರ್ ಲೋಡಿಗೆ ಪರವಾಗಿಲ್ಲ. ಕಂಪ್ಯೂಟರ್, ಯುಪಿಎಸ್, ಎಲ್‌ಇಡಿ ತುಂಬಿದ ಮಹಡಿಯಲ್ಲಿ ಮೂರನೇ ಹಾರ್ಮೋನಿಕ್ (ಮೂಲ ಆವರ್ತನದ ಮೂರು ಪಟ್ಟಿನ ಕರೆಂಟ್) ಮೂರೂ ಫೇಸ್‌ಗಳಿಂದ ಬಂದು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತದೆ, ಫೇಸ್‌ಗಳು ಬ್ಯಾಲೆನ್ಸ್ ಆಗಿದ್ದರೂ ಅಳಿಯುವುದಿಲ್ಲ. ಅಲ್ಲಿ ಪೂರ್ತಿ ನಾಲ್ಕು ಕೋರ್ ಹಾಕಿ.

ಇನ್ನು ಅರ್ಥಿಂಗ್. ಇದರಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರಲ್ಲೂ ಇಲ್ಲ. ಉಪ್ಪು, ಇದ್ದಿಲು ಹಾಕಿ ಅರ್ಥ್ ಪಿಟ್ ಚೆನ್ನಾಗಿ ಮಾಡಿದರೆ ಎಂಸಿಬಿ (ಕರೆಂಟ್ ಮಿತಿ ಮೀರಿದಾಗ ಕಟ್ ಮಾಡುವ ಬ್ರೇಕರ್) ತಾನೇ ಬೀಳುತ್ತದೆ ಎಂಬ ನಂಬಿಕೆ ಸೈಟಿನಲ್ಲಿ ಗಟ್ಟಿಯಾಗಿದೆ. ಸ್ವಂತ ಪಿಟ್ ಒಂದನ್ನೇ ನೆಚ್ಚಿದ ಮನೆ ತೆಗೆದುಕೊಳ್ಳಿ. ಪುಸ್ತಕದಲ್ಲಿ ಇದಕ್ಕೆ ಟಿಟಿ ವ್ಯವಸ್ಥೆ ಎನ್ನುತ್ತಾರೆ. ಪಿಟ್ 4 ಓಮ್, ಟ್ರಾನ್ಸ್‌ಫಾರ್ಮರ್ ಕಡೆಯದು 1 ಓಮ್ ಇರಲಿ. ಗೀಸರ್ ಒಳಗೆ ಫೇಸ್ ಬಾಡಿಗೆ ತಗುಲಿದರೆ 230 ಭಾಗಿಸು 5, ಅಂದರೆ 46 ಆಂಪಿಯರ್. 20 ಆಂಪಿಯರ್‌ನ ಸಿ ಕರ್ವ್ (ತನ್ನ ರೇಟಿಂಗ್‌ನ ಹತ್ತು ಪಟ್ಟಿಗೆ ಖಚಿತವಾಗಿ ತಕ್ಷಣ ಬೀಳುವ ಬಗೆಯ) ಎಂಸಿಬಿ ಖಚಿತವಾಗಿ ತಕ್ಷಣ ಬೀಳಲು 200 ಆಂಪಿಯರ್ ಬೇಕು. 46ಕ್ಕೆ ಅದು ಬಿಸಿಯಾಗಿ ಬೀಳುವಷ್ಟರಲ್ಲಿ ಒಂದು ನಿಮಿಷವೇ ಕಳೆಯಬಹುದು. ಅಷ್ಟು ಹೊತ್ತೂ ಗೀಸರ್ ಬಾಡಿಯ ಮೇಲೆ 46 ಗುಣಿಸು 4, ಅಂದರೆ 184 ವೋಲ್ಟ್. ಟಿಟಿಯಲ್ಲಿ ಇಂಥ ಸರ್ಕ್ಯೂಟ್ 0.2 ಸೆಕೆಂಡಿನೊಳಗೆ ಕಟ್ ಆಗಬೇಕು. ಅದು ಆರ್‌ಸಿಸಿಬಿಯ (ಅರ್ಥ್‌ಗೆ ಸೋರುವ ಕರೆಂಟನ್ನು ಗುರುತಿಸಿ ಕಟ್ ಮಾಡುವ ಸಾಧನ) ಕೆಲಸ, 30 ಮಿಲಿಆಂಪಿಯರ್‌ನದು. ಪಿಟ್‌ಗೆ ಇನ್ನೆರಡು ಮೂಟೆ ಉಪ್ಪು ಸುರಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಫಾಲ್ಟ್ ಲೆವೆಲ್, ಅಂದರೆ ಶಾರ್ಟ್ ಆದಾಗ ಹರಿಯಬಹುದಾದ ಗರಿಷ್ಠ ಕರೆಂಟ್, ಸುಲಭ. 500 ಕೆವಿಎ ಟ್ರಾನ್ಸ್‌ಫಾರ್ಮರ್, 433 ವೋಲ್ಟ್, ಇಂಪೀಡೆನ್ಸ್ 4.5% ಎಂದುಕೊಳ್ಳಿ. ಫುಲ್ ಲೋಡ್ ಕರೆಂಟ್ 667 ಆಂಪಿಯರ್, ಅದನ್ನು 0.045ರಿಂದ ಭಾಗಿಸಿದರೆ ಸುಮಾರು 14.8 ಕಿಲೋಆಂಪಿಯರ್. ಟ್ರಾನ್ಸ್‌ಫಾರ್ಮರ್ ಪಕ್ಕದ ಮೇನ್ ಪ್ಯಾನೆಲ್‌ನಲ್ಲಿ 10 ಕಿಲೋಆಂಪಿಯರ್‌ವರೆಗಷ್ಟೇ ಕಡಿಯಬಲ್ಲ ಮಾಮೂಲಿ ಎಂಸಿಬಿ ಕೂರಿಸಬಾರದು ಅನ್ನುವುದು ಇದಕ್ಕೇ. 250 ಕೆವಿಎ ಆದರೆ 7.4, ನಡೆಯುತ್ತದೆ. ದೂರ ಹೋದಂತೆ ಕೇಬಲ್ ಇಂಪೀಡೆನ್ಸ್ ಸೇರಿ ಫಾಲ್ಟ್ ಕರೆಂಟ್ ಇಳಿಯುತ್ತದೆ. ಆಗ ಚಿಂತೆ ತಿರುಗುಮುರುಗು, ಬ್ರೇಕರ್ ಬೀಳುವಷ್ಟಾದರೂ ಕರೆಂಟ್ ಉಳಿಯಿತೇ ಎಂದು ನೋಡಬೇಕು.

ಲೈಟಿಂಗ್‌ಗೆ ಡಯಾಲಕ್ಸ್ ಸಾಫ್ಟ್‌ವೇರ್ ಉಚಿತ. ಆದರೂ ಮೊದಲು ಕೈಲೆಕ್ಕ ಮಾಡಿ. 80 ಚದರ ಮೀಟರ್ ಕಚೇರಿ, 500 ಲಕ್ಸ್ (ಚದರ ಮೀಟರಿಗೆ ಬೀಳುವ ಲ್ಯೂಮೆನ್), ಯುಟಿಲೈಸೇಷನ್ (ಮೇಜಿನ ಮಟ್ಟಕ್ಕೆ ತಲುಪುವ ಬೆಳಕಿನ ಪಾಲು) 0.6, ಮೇಂಟೆನೆನ್ಸ್ (ಧೂಳು, ಹಳತಾಗುವಿಕೆ ಕಳೆದು ಉಳಿಯುವ ಪಾಲು) 0.8: ಸುಮಾರು 83,300 ಲ್ಯೂಮೆನ್ ಬೇಕು. ಒಂದು ಪ್ಯಾನೆಲ್ ಲೈಟು 3,600 ಲ್ಯೂಮೆನ್ ಕೊಟ್ಟರೆ 24 ಲೈಟು. ಸಾಫ್ಟ್‌ವೇರ್ 14 ಅಂದರೆ ನೀವು ಏನನ್ನೋ ತಪ್ಪಾಗಿ ತುಂಬಿದ್ದೀರಿ.

ನಿಮ್ಮ ಅನುಭವ ಬೆಲೆಬಾಳುವುದು ಶಾಫ್ಟ್‌ನಲ್ಲಿ, ಅಂದರೆ ಕೇಬಲ್ ಮಹಡಿಯಿಂದ ಮಹಡಿಗೆ ಏರುವ ಗೂಡಿನಲ್ಲಿ. ಮೂರೂವರೆ ಕೋರ್ 50ರ ಆರ್ಮರ್ಡ್ (ಲೋಹದ ಕವಚದ) ಕೇಬಲ್ ಸುಮಾರು 30 ಮಿ.ಮೀ. ದಪ್ಪ, ವ್ಯಾಸದ 12 ಪಟ್ಟು ತ್ರಿಜ್ಯದಲ್ಲಿ ಬಗ್ಗಿಸಬೇಕೆಂದರೆ 360 ಮಿ.ಮೀ. 300 ಆಳದ ಶಾಫ್ಟ್ ಬರೆದು ಕೊಡುವವರು ಕೇಬಲ್ ಬಗ್ಗಿಸಿದವರಲ್ಲ.

ಓದುವಾಗ ನೀವೇ ವೈರಿಂಗ್ ಮಾಡಿದ ಒಂದು ಕಟ್ಟಡವನ್ನು ಎಕ್ಸೆಲ್‌ಗೆ ಇಳಿಸಿ: ಲೋಡ್, ಡೈವರ್ಸಿಟಿ (ಎಲ್ಲ ಲೋಡೂ ಒಟ್ಟಿಗೆ ನಡೆಯುವುದಿಲ್ಲ ಎಂಬ ಲೆಕ್ಕ), ಕರೆಂಟ್, ಕೇಬಲ್, ಉದ್ದ, ವೋಲ್ಟೇಜ್ ಡ್ರಾಪ್, ಫಾಲ್ಟ್. ಉದ್ದದ ಕಾಲಂನಲ್ಲೇ ಹೆಚ್ಚಿನವರು ಸೋಲುವುದು. ನಕ್ಷೆಯಲ್ಲಿ ಕಾಣುವುದು ಅಡ್ಡದ ಅಳತೆ ಮಾತ್ರ. ಮಹಡಿಗೆ ಮೂರು ಮೀಟರಿನಂತೆ ಎತ್ತರ, ಟ್ರೇ ಸುತ್ತಿ ಬರುವ ದಾರಿ, ಎರಡೂ ತುದಿಯಲ್ಲಿ ಪ್ಯಾನೆಲ್‌ಗೆ ಇಳಿಸಿ ಟರ್ಮಿನೇಟ್ ಮಾಡಲು ಬಿಡುವ ಒಂದೆರಡು ಮೀಟರ್, ಇವನ್ನೆಲ್ಲ ಕೂಡಿಸಿ ಬರೆಯಿರಿ.